ಸಾಸಿವೆ ಡಬ್ಬಿಯ ಪಕ್ಕದ ನೋಟ್ ಬುಕ್



ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ಪ್ರಶ್ನೆ. "ನೀವು ಯಾವಾಗ ಬರೀತೀರಿ? ಮನೆ ಕೆಲಸ ಯಾರು ಮಾಡ್ತಾರೆ? ಬೇಜಾರಾದಾಗ ಏನು ಮಾಡ್ತೀರಿ? ಯಾವ ಹಾಡು ಇಷ್ಟ?" ನಾನೇನು ಸಿನಿಮಾ ತಾರೆಯೇ, ನನ್ನ ದಿನಚರಿ ಕಟ್ಟಿಕೊಂಡು ನಿಮಗೇನಾಗಬೇಕು ಎಂದು ನಕ್ಕು ಸುಮ್ಮನಾಗುತ್ತಿದ್ದೆ. ಆದರೆ ಕಳೆದ ಪಕ್ಷ ಬಂದ ಒಂದು ಕಾಗದ ಸುಮ್ಮನಿರಲು ಬಿಡಲಿಲ್ಲ. ಬರೆದಾಕೆ ಬಯಲುಸೀಮೆಯ ಒಂದು ತಾಲೂಕು ಕೇಂದ್ರದ ಗೃಹಿಣಿ. ಹೆಸರು, ಊರು ನನ್ನಲ್ಲೇ ಇರಲಿ.

ಆಕೆಗೆ ಮದುವೆಯಾಗಿ 14 ವರ್ಷ. ಮಕ್ಕಳು ಶಾಲೆಗೆ ಹೋದ ಮೇಲೆ, ಹಳೆಯ ಲೆಕ್ಕದ ಪುಸ್ತಕದ ಹಿಂಬದಿಯಲ್ಲಿ ಕಥೆ ಬರೆಯುತ್ತಿದ್ದಳಂತೆ. ಒಂದು ದಿನ ಅದು ಯಜಮಾನರ ಕೈಗೆ ಸಿಕ್ಕಿತು. ಅವರು ಬೈಯಲಿಲ್ಲ. ಎರಡು ಪುಟ ಓದಿ ನಕ್ಕು, "ಇದರಿಂದ ಮನೆಗೆ ಏನು ಬಂತು?" ಎಂದರು. "ಬೈದಿದ್ದರೆ ಜಗಳವಾಡುತ್ತಿದ್ದೆ ಅಕ್ಕಾ, ನಕ್ಕುಬಿಟ್ಟರು. ಆವತ್ತಿನಿಂದ ಕೈಯೇ ಏಳುತ್ತಿಲ್ಲ. ಆ ಪುಸ್ತಕವನ್ನು ಹಳೇ ಪೇಪರಿನವನಿಗೆ ಹಾಕಿಬಿಡಲೇ?" ಎಂದು ಕೇಳಿದ್ದಾಳೆ.

ಹಾಕಬೇಡಿ ತಂಗಿ. ಉಳಿದದ್ದನ್ನು ಒಂದೊಂದಾಗಿ ಹೇಳುತ್ತೇನೆ. ಉಳಿದವರು ಕೇಳಿದ್ದಕ್ಕೂ ಇದರಲ್ಲೇ ಉತ್ತರ ಸಿಕ್ಕೀತು.

ಮೊದಲು ಹೊತ್ತಿನ ಮಾತು

ಲೇಖಕಿ ಎಂದರೆ ಕಿಟಕಿಯ ಪಕ್ಕ ಮೇಜು, ಮೇಜಿನ ಮೇಲೆ ಹೂದಾನಿ, ಕೈಯಲ್ಲಿ ಬಿಸಿ ಕಾಫಿ ಎಂದೆಲ್ಲ ಹಲವರು ಎಣಿಸಿದ್ದೀರಿ. ನನ್ನ ಮನೆಯಲ್ಲಿ ಮೇಜು ಇದೆ, ಅದರ ಮೇಲೆ ಇಸ್ತ್ರಿ ಬಟ್ಟೆ ಇರುತ್ತದೆ. ನನ್ನ ನೋಟ್ ಬುಕ್ ಇರುವುದು ಅಡುಗೆಮನೆಯ ಗೂಡಿನಲ್ಲಿ, ಸಾಸಿವೆ ಡಬ್ಬಿಯ ಪಕ್ಕ. ಪೆನ್ಸಿಲ್ಲಿಗೆ ದಾರ ಕಟ್ಟಿ ಮೊಳೆಗೆ ತೂಗು ಹಾಕಿದ್ದೇನೆ, ಇಲ್ಲದಿದ್ದರೆ ಮಕ್ಕಳು ಎತ್ತಿಕೊಂಡು ಹೋಗುತ್ತಾರೆ.

ಬೆಳಿಗ್ಗೆ ಐದಕ್ಕೆ ಏಳುವುದು, ಹಾಲು, ತಿಂಡಿ, ಡಬ್ಬಿ, ಪೂಜೆ, ಪಾತ್ರೆ. ನಿಮ್ಮ ಮನೆಯಲ್ಲಿ ಆಗುವುದೇ ನಮ್ಮ ಮನೆಯಲ್ಲೂ. ಹತ್ತೂವರೆಯಿಂದ ಹನ್ನೆರಡರವರೆಗೆ ಮನೆ ತಣ್ಣಗಿರುತ್ತದೆ. ಆ ಒಂದೂವರೆ ಗಂಟೆ ನನ್ನದು. ಆಗ ಹೊಸದನ್ನು ಬರೆಯುತ್ತೇನೆ. ಮಧ್ಯಾಹ್ನ ಊಟವಾದ ಮೇಲೆ ತಲೆ ಭಾರ, ಹೊಸದೇನೂ ಹೊಳೆಯುವುದಿಲ್ಲ. ಆ ಹೊತ್ತಿನಲ್ಲಿ ಬರೆದದ್ದನ್ನು ತಿದ್ದುವುದು, ಶುದ್ಧಪ್ರತಿ ಮಾಡುವುದು, ಪತ್ರಗಳಿಗೆ ಉತ್ತರಿಸುವುದು. ನಲ್ಲಿಯಲ್ಲಿ ನೀರು ಬರುವ ದಿನ ಬರವಣಿಗೆ ಇಲ್ಲ. ಹಬ್ಬದ ಹಿಂದಿನ ನಾಲ್ಕು ದಿನವೂ ಇಲ್ಲ. ಇದಕ್ಕಾಗಿ ಕೊರಗುವುದನ್ನು ಬಿಟ್ಟು ಬಹಳ ಕಾಲವಾಯಿತು. ಕೈ ಕೆಲಸದಲ್ಲಿದ್ದಾಗ ಹೊಳೆದ ಒಂದು ಮಾತನ್ನು ಮಾತ್ರ ಆಗಲೇ ಗೀಚಿಡುತ್ತೇನೆ. "ಅಮೇಲೆ ಬರೆದರಾಯ್ತು" ಅಂದುಕೊಂಡ ಮಾತು ಒಗ್ಗರಣೆಯ ಹೊಗೆಯಂತೆ ಹೋಗಿಬಿಡುತ್ತದೆ.

"ನಮಗೆಲ್ಲಿ ಓದು?" ಎಂದು ಕೆಲವರು ಕೇಳುತ್ತೀರಿ. ಎಂ. ಕೆ. ಇಂದಿರಾ ಅವರ ಹೆಸರು ಕೇಳದವರು ನಮ್ಮಲ್ಲಿ ಯಾರಿದ್ದಾರೆ? 1917ರಲ್ಲಿ ತೀರ್ಥಹಳ್ಳಿಯಲ್ಲಿ ಹುಟ್ಟಿದರು. ಶಾಲೆ ಕೆಲವೇ ವರ್ಷ, ಚಿಕ್ಕ ವಯಸ್ಸಿನಲ್ಲೇ ಮದುವೆ, ಮನೆ, ಮಕ್ಕಳು. ಅವರ ಮೊದಲ ಕಾದಂಬರಿ 'ತುಂಗಭದ್ರಾ' ಹೊರಬಂದದ್ದು 1963ರಲ್ಲಿ. ಆಗ ಅವರಿಗೆ ನಲವತ್ತೈದು ದಾಟಿತ್ತು! 'ಗೆಜ್ಜೆಪೂಜೆ', 'ಫಣಿಯಮ್ಮ' ಎಲ್ಲ ಆಮೇಲಿನವು. ಹಾಗಾಗಿ "ವಯಸ್ಸು ಹೋಯಿತು" ಎನ್ನುವ ಮಾತನ್ನು ಇಂದಿನಿಂದ ಬಿಟ್ಟುಬಿಡಿ.

'ಏನು ಬಂತು' ಎಂಬ ಪ್ರಶ್ನೆ

ಇನ್ನು ಯಜಮಾನರ ಪ್ರಶ್ನೆ. ಅದು ಕೆಟ್ಟ ಪ್ರಶ್ನೆಯೇನಲ್ಲ. ತಿಂಗಳ ಸಂಬಳದಲ್ಲಿ ಮನೆ ತೂಗಿಸುವವರು ಕೇಳಿಯೇ ಕೇಳುತ್ತಾರೆ. ನಾನು ಯಾವ ಕಚೇರಿಯ ನೌಕರಳೂ ಅಲ್ಲ, ಸ್ವತಂತ್ರವಾಗಿ ಬರೆಯುವವಳು. ಒಂದು ಕಥೆ, ಎರಡು ಲೇಖನ, ಆಕಾಶವಾಣಿಗೆ ಒಂದು ಭಾಷಣ, ಶಾಲೆಯ ವಾರ್ಷಿಕೋತ್ಸವಕ್ಕೆ ಒಂದು ಕಿರುನಾಟಕ, ಹೀಗೆ ಅಲ್ಲಿಂದ ಇಲ್ಲಿಂದ ಕೂಡಿಸಿದರೆ ಒಂದು ತಿಂಗಳು ಹಾಲಿನ ಲೆಕ್ಕ ತೀರುತ್ತದೆ, ಇನ್ನೊಂದು ತಿಂಗಳು ಅದೂ ಇಲ್ಲ. ಇದನ್ನು ಮುಚ್ಚಿಟ್ಟು ನಿಮಗೆ ಆಸೆ ಹುಟ್ಟಿಸಲಾರೆ. ಬಂದ ಮೊದಲ ಸಂಭಾವನೆಯನ್ನು ಮಾತ್ರ ಮನೆ ಖರ್ಚಿಗೆ ಬೆರೆಸಬೇಡಿ. ಅದರಲ್ಲಿ ಒಂದು ಒಳ್ಳೆಯ ನಿಘಂಟು ಕೊಳ್ಳಿ, ಅಥವಾ ಬರೆಯಲು ಕೂರುವ ಒಂದು ಕುರ್ಚಿ.

ಹೆಂಗಸು ಬರೆದು, ತಾನೇ ಅಚ್ಚು ಹಾಕಿಸಿ, ತಾನೇ ಮಾರಿದ್ದೂ ನಮ್ಮ ನಾಡಿನಲ್ಲಿ ಉಂಟು. ನಂಜನಗೂಡು ತಿರುಮಲಾಂಬಾ ಹುಟ್ಟಿದ್ದು 1887ರಲ್ಲಿ. ಹತ್ತು ವರ್ಷಕ್ಕೆ ಮದುವೆ, ಹದಿನಾಲ್ಕಕ್ಕೆ ವೈಧವ್ಯ. ಆ ಕಾಲದಲ್ಲಿ ಅಂಥ ಹುಡುಗಿಗೆ ಉಳಿಯುತ್ತಿದ್ದದ್ದು ಮನೆಯ ಒಂದು ಮೂಲೆ. ಆಕೆ 1913ರಲ್ಲಿ 'ಸತೀಹಿತೈಷಿಣೀ' ಎಂಬ ಗ್ರಂಥಮಾಲೆಯನ್ನೇ ಆರಂಭಿಸಿದರು. 'ಸುಶೀಲೆ' ಕಾದಂಬರಿಯನ್ನು ಅದೇ ವರ್ಷ ಹೊರತಂದರು. ಮುಂದೆ 'ಕರ್ನಾಟಕ ನಂದಿನಿ' ಎಂಬ ಮಾಸಪತ್ರಿಕೆಯನ್ನೂ ನಡೆಸಿದರು. ನೂರು ವರ್ಷಕ್ಕೂ ಹಿಂದೆ, ಬಸ್ಸು ಫೋನು ಇಲ್ಲದ ಕಾಲದಲ್ಲಿ!

ಅದಕ್ಕೂ ಹಿಂದೆ ಹೋದರೆ ಸಂಚಿಯ ಹೊನ್ನಮ್ಮ. ಮೈಸೂರಿನಲ್ಲಿ ಚಿಕ್ಕದೇವರಾಜ ಒಡೆಯರು ಆಳುತ್ತಿದ್ದ ಕಾಲ, ಅಂದರೆ 1673ರಿಂದ 1704. ಅರಮನೆಯಲ್ಲಿ ಎಲೆ ಅಡಿಕೆಯ ಸಂಚಿ ಹಿಡಿಯುವ ಊಳಿಗದವಳು ಆಕೆ. ಆ ಕೆಲಸದ ನಡುವೆಯೇ ಸಾಂಗತ್ಯದಲ್ಲಿ 'ಹದಿಬದೆಯ ಧರ್ಮ' ಬರೆದಳು. ಹೆಂಡತಿಯ ಧರ್ಮವನ್ನು ಹೇಳುವ ಪುಸ್ತಕವೇ ಸರಿ, ಆದರೆ ಹೆಣ್ಣೆಂದು ಹೀಗಳೆಯುವವರನ್ನು ಅದರಲ್ಲಿ ನೇರವಾಗಿ ಕೇಳಿಯೂ ಇದ್ದಾಳೆ. ಅರಮನೆಯಲ್ಲಿ ಊಟ ಮುಗಿಸಿ ಎಲೆ ಹಾಕಿಕೊಂಡವರು ಎಷ್ಟೋ ಮಂದಿ, ಸಂಚಿ ಹಿಡಿದವಳ ಹೆಸರು ಮಾತ್ರ ಮುನ್ನೂರು ವರ್ಷದ ಮೇಲೂ ಶಾಲೆಯ ಪುಸ್ತಕದಲ್ಲಿದೆ.

ಮನೆಯವರು ಗುರುತು ಹಿಡಿದರೆ?

ಇದು ನಿಮ್ಮ ಕಾಗದದಲ್ಲಿಲ್ಲ. ಆದರೆ ಯಜಮಾನರು ಓದಿದ ಆ ಎರಡು ಪುಟಗಳಲ್ಲಿ ಯಾರೋ ಮನೆಯವರಿದ್ದರು ಎಂಬ ಗುಮಾನಿ ನನಗೆ. ಹೆಂಗಸರ ಕೈ ಕಟ್ಟುವುದು ಹೆಚ್ಚಾಗಿ ಇದೇ. ನಾದಿನಿಯ ಬಗ್ಗೆ ಬರೆದರೆ ನಾದಿನಿ ಮುನಿದಾಳು, ತವರಿನ ಬಗ್ಗೆ ಬರೆದರೆ ಅಣ್ಣ ಬಾಗಿಲು ಮುಚ್ಚ್ಯಾನು.

'ಫಣಿಯಮ್ಮ'ನನ್ನೇ ನೋಡಿ. ಇಂದಿರಾ ಅವರು ತಮ್ಮ ಮನೆತನದ ಹಿರಿಯಳೊಬ್ಬಳ ಬದುಕನ್ನು ತಾಯಿಯ ಬಾಯಿಂದ ಕೇಳಿ ಬರೆದದ್ದು ಅದು. ಬಾಲವಿಧವೆಯೊಬ್ಬಳ ಕಥೆ. 1976ರಲ್ಲಿ ಪುಸ್ತಕವಾಯಿತು, 1983ರಲ್ಲಿ ಪ್ರೇಮಾ ಕಾರಂತರು ಅದನ್ನು ಚಲನಚಿತ್ರ ಮಾಡಿದರು. ಒಬ್ಬಳು ಹೇಳಿದಳು, ಇನ್ನೊಬ್ಬಳು ಕೇಳಿಸಿಕೊಂಡಳು, ಮೂರನೆಯವಳು ಬರೆದಳು. ಆ ಬರವಣಿಗೆಯಲ್ಲಿ ಯಾರನ್ನೂ ಬಯಲಿಗೆಳೆಯುವ ಚಪಲವಿಲ್ಲ, ಮರುಕವಿದೆ. ನಾನು ಪಾಲಿಸುವ ನಿಯಮವೂ ಅದೇ: ಕೋಪ ಇರುವಾಗ ಬರೆದದ್ದನ್ನು ಕೋಪ ಇಳಿಯುವವರೆಗೆ ಅಂಚೆಗೆ ಹಾಕುವುದಿಲ್ಲ. ಊರು, ಕೆಲಸ, ಮಕ್ಕಳ ಸಂಖ್ಯೆ ಎಲ್ಲ ಬದಲಿಸುತ್ತೇನೆ. ಬದುಕಿರುವವರ ಗುಟ್ಟು ಅವರದ್ದು, ಕೇಳದೆ ಮುಟ್ಟುವುದಿಲ್ಲ. ಇಷ್ಟಾದ ಮೇಲೂ ಯಾರಾದರೂ ಮುನಿದರೆ ಒಂದು ಹಬ್ಬಕ್ಕೆ ಕರೆದು ಹೋಳಿಗೆ ಬಡಿಸಿದರಾಯಿತು.

ಬೇಜಾರಾದಾಗ

ಕಥೆ ಮುಂದೆ ಹೋಗದಿದ್ದರೆ ನಾನು ಕಸೂತಿ ಹಿಡಿಯುತ್ತೇನೆ. ನಮ್ಮ ಧಾರವಾಡ ಸೀಮೆಯ ಕಸೂತಿಯಲ್ಲಿ ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವಂತಿಲ್ಲ, ಎಳೆ ಎಣಿಸಿಯೇ ಸೂಜಿ ಹಾಕಬೇಕು. ಗವಂತಿ, ಮುರ್ಗಿ, ನೇಗಿ, ಮೆಂತೆ ಎಂದು ನಾಲ್ಕು ಬಗೆಯ ಹೊಲಿಗೆ. ಗವಂತಿಯಲ್ಲಿ ಹೋಗುವಾಗ ಒಂದೆಳೆ ಬಿಟ್ಟು ಹೊಲಿದು, ಬರುವಾಗ ಬಿಟ್ಟದ್ದನ್ನು ತುಂಬುತ್ತಾ ಬರಬೇಕು. ಗಂಟು ಹಾಕುವಂತಿಲ್ಲ. ಚೆನ್ನಾಗಿ ಹೊಲಿದರೆ ಮೇಲು ಕೆಳಗು ಎರಡೂ ಒಂದೇ ಥರ ಕಾಣುತ್ತದೆ. ಗೋಪುರ, ತೇರು, ಆನೆ, ತುಳಸಿಕಟ್ಟೆ, ಎಲ್ಲ ಬರೀ ಲೆಕ್ಕದ ಮೇಲೆ ಮೂಡುತ್ತವೆ. ಎಳೆ ಎಣಿಸುವಾಗ ಬೇರೆ ಚಿಂತೆಗೆ ಜಾಗವಿರುವುದಿಲ್ಲ. ಒಂದು ಆನೆ ಮುಗಿಯುವ ಹೊತ್ತಿಗೆ ನಿಂತ ಕಥೆ ತಾನಾಗಿ ನಾಲ್ಕು ಹೆಜ್ಜೆ ಇಟ್ಟಿರುತ್ತದೆ. ನಿಮಗೆ ಕಸೂತಿ ಬೇಡವಾದರೆ ಹೂಬತ್ತಿ ಹೊಸೆಯಿರಿ, ಅವರೆಕಾಳು ಬಿಡಿಸಿ. ಕೈಗೆ ಕೆಲಸ, ಮನಸ್ಸಿಗೆ ಬಿಡುವು ಸಿಕ್ಕಿದರೆ ಸಾಕು.

ನನಗಿಷ್ಟವಾದ ಹಾಡು

ಧಾರವಾಡದ ಆಕಾಶವಾಣಿ ಶುರುವಾದದ್ದು 1950ರ ಜನವರಿ 8ರಂದು. ಆ ರೇಡಿಯೋ ಕೇಳುತ್ತಲೇ ಬೆಳೆದ ಮನೆ ನಮ್ಮದು. ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ಗಂಗೂಬಾಯಿ ಹಾನಗಲ್ ಅವರ ದನಿ. ನುಣುಪಲ್ಲ, ಗಟ್ಟಿ ನೆಲದಂಥ ದನಿ. ಗಂಟಲಿನ ಶಸ್ತ್ರಚಿಕಿತ್ಸೆಯ ನಂತರ ಅದು ಇನ್ನಷ್ಟು ಭಾರವಾಯಿತು. ಆಕೆ ಅದನ್ನೇ ಒಪ್ಪಿಕೊಂಡು ಅದರಲ್ಲೇ ಹಾಡಿದರು. ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಸವಾಯಿ ಗಂಧರ್ವರಲ್ಲಿ ಪಾಠ ಹೇಳಿಸಿಕೊಂಡು ಮನೆಗೆ ಮರಳುತ್ತಿದ್ದರು. ಮನೆಯಲ್ಲಿ ಮಕ್ಕಳು, ಸಂಸಾರದ ಭಾರ ಎರಡೂ ಇದ್ದವು. 2002ರಲ್ಲಿ ಪದ್ಮವಿಭೂಷಣ ಬಂತು, 2009ರಲ್ಲಿ ತೊಂಬತ್ತಾರನೇ ವಯಸ್ಸಿನಲ್ಲಿ ತೀರಿಕೊಂಡರು. ಬೆಳಗಿನ ಕೆಲಸದ ನಡುವೆ ಅವರ ಹಾಡು ಹಚ್ಚಿದರೆ ರೊಟ್ಟಿ ಬಡಿಯುವ ಕೈಗೂ ಒಂದು ಲಯ ಬರುತ್ತದೆ.

ಇನ್ನೊಂದು ಸಂಗೀತ ನಮ್ಮ ಮನೆಯಲ್ಲೇ ಇದೆ. ನಮ್ಮ ಅತ್ತೆಯವರ ಬೀಸುವ ಪದ. ಬೀಸುಕಲ್ಲು ಈಗ ಹಿತ್ತಿಲಲ್ಲಿ ತುಳಸಿಕಟ್ಟೆಗೆ ಒರಗಿದೆ, ಹಿಟ್ಟು ಗಿರಣಿಯಿಂದ ಬರುತ್ತದೆ. ಅತ್ತೆಯವರಿಗೆ ಎಂಬತ್ತಾರು. ನಿನ್ನೆಯ ಊಟ ಮರೆಯುತ್ತಾರೆ, ಪದ ಮರೆಯುವುದಿಲ್ಲ. ನಾನು ಬರೆಯುವುದನ್ನು ನೋಡಿ ಒಮ್ಮೆ ಅವರೂ ನಿಮ್ಮ ಯಜಮಾನರ ಪ್ರಶ್ನೆಯನ್ನೇ ಕೇಳಿದ್ದರು: "ಬರದು ಬರದು ಏನ್ ಬರತೈತಿ ನಿನಗ?"

"ನೀವು ಬೀಸೂ ಮುಂದ ಹಾಡ್ತಿದ್ರಲ್ಲ ಅತ್ತಿ, ಏನ್ ಬರತಿತ್ತರಿ?" ಎಂದೆ.

"ಹಿಟ್ಟ ಬರತಿತ್ತು" ಎಂದು ನಕ್ಕರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಡದಿದ್ರ ಕೈ ನಡೀತಿದ್ದಿಲ್ಲ ನೋಡವಾ. ನಸುಕಿನ್ಯಾಗ ಒಬ್ಬಾಕಿನ ಕುಂತು ಮನಿಮಂದಿಗೆಲ್ಲ ಬೀಸಬೇಕಿತ್ತು" ಎಂದರು.

ಆ ಹಾಡು ಮನೆಗೆ ಒಂದು ಕಾಸನ್ನೂ ತರಲಿಲ್ಲ. ಆದರೆ ಮನೆ ಉಂಡ ರೊಟ್ಟಿಯಲ್ಲೆಲ್ಲ ಅದು ಇತ್ತು. ವಿಜಯಪುರ ಜಿಲ್ಲೆಯ ಹಲಸಂಗಿಯ ಗೆಳೆಯರು, ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದವರು, ಇಂಥ ಹೆಂಗಸರ ಬಾಯಿಂದ ತ್ರಿಪದಿಗಳನ್ನು ಕೇಳಿ ಬರೆದುಕೊಂಡು 1931ರಲ್ಲಿ 'ಗರತಿಯ ಹಾಡು' ಎಂದು ಪ್ರಕಟಿಸಿದರು. ಇಂದಿಗೂ ಕನ್ನಡದ ದೊಡ್ಡ ಪುಸ್ತಕಗಳಲ್ಲಿ ಅದೊಂದು. ಕಟ್ಟಿದವರ ಹೆಸರು ಮಾತ್ರ ಅದರಲ್ಲಿಲ್ಲ, ಯಾರಿಗೂ ಗೊತ್ತೂ ಇಲ್ಲ. ನಮಗೆ ಅಕ್ಷರ ಬರುತ್ತದೆ. ನಾವೂ ಹೆಸರಿಲ್ಲದೆ ಹೋಗಬೇಕೇ?

ಈಗ ಮಾಡಬೇಕಾದದ್ದು

ತಂಗಿ, ನಿಮ್ಮ ಪುಸ್ತಕವನ್ನು ಮುಚ್ಚಿಡುವುದನ್ನು ಮೊದಲು ಬಿಡಿ. ಬಚ್ಚಿಟ್ಟದ್ದು ಸಿಕ್ಕಿತು ಎಂಬುದಕ್ಕೇ ಅರ್ಧ ನಗು ಬಂದಿರುತ್ತದೆ. ಎಲ್ಲರಿಗೂ ಕಾಣುವ ಕಡೆ ಇಡಿ. ದಿನಕ್ಕೆ ಅರ್ಧ ಗಂಟೆ ಗೊತ್ತುಮಾಡಿಕೊಂಡು, "ಈ ಹೊತ್ತಿನಲ್ಲಿ ನಾನು ಬರೀತೇನೆ" ಎಂದು ಮನೆಯಲ್ಲಿ ಜಗಳವಿಲ್ಲದೆ, ನಾಚಿಕೆಯಿಲ್ಲದೆ ಹೇಳಿ. ಎಂಟು ದಿನ ಯಾರೂ ಲಕ್ಷ್ಯ ಕೊಡುವುದಿಲ್ಲ. ಒಂದು ತಿಂಗಳಾದ ಮೇಲೆ ಮಕ್ಕಳೇ "ಅಮ್ಮ ಬರೀತಿದಾಳೆ" ಎಂದು ದನಿ ತಗ್ಗಿಸುತ್ತಾರೆ.

ಅರ್ಧಕ್ಕೆ ನಿಂತ ಐದು ಕಥೆಗಳಿಗಿಂತ ಮುಗಿದ ಒಂದು ಕಥೆ ಮೇಲು. ಮುಗಿದದ್ದನ್ನು ಗಟ್ಟಿಯಾಗಿ ಓದಿ. ನಾಲಿಗೆ ಎಲ್ಲಿ ಎಡವುತ್ತದೋ ಅಲ್ಲಿ ತಿದ್ದಿ. ಹಾಳೆಯ ಒಂದೇ ಮಗ್ಗುಲಲ್ಲಿ, ಅಂಚು ಬಿಟ್ಟು ಶುದ್ಧಪ್ರತಿ ಮಾಡಿ. ಒಂದು ನಕಲು ನಿಮ್ಮಲ್ಲಿರಲಿ, ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟರೂ ಆಯಿತು. ಯಾವ ಪತ್ರಿಕೆಗೆ ಯಾವ ತಾರೀಕು ಕಳಿಸಿದಿರಿ ಎಂದು ಬರೆದಿಡಿ, ಒಂದೇ ಕಥೆಯನ್ನು ಒಂದೇ ಸಲ ಇಬ್ಬರಿಗೆ ಕಳಿಸಬೇಡಿ. ಮೂರು ತಿಂಗಳು ಕಾಯಿರಿ. ತಿರುಗಿ ಬಂದರೆ ಒಂದು ದಿನ ಬೇಸರ ಮಾಡಿಕೊಳ್ಳಿ, ಮರುದಿನ ಇನ್ನೊಂದು ವಿಳಾಸ ಬರೆಯಿರಿ. ಕೆಳಗೆ ನಿಮ್ಮ ಹೆಸರನ್ನೇ ಹಾಕಿ. "ಶ್ರೀಮತಿ ಇಂಥವರು" ಎಂದು ಯಜಮಾನರ ಹೆಸರಿನ ಹಿಂದೆ ನಿಲ್ಲಬೇಡಿ.

ಅಚ್ಚಾಗದಿದ್ದರೆ? ಆಗದಿರಲೂಬಹುದು. ಆಗಲೂ ನಿಮ್ಮ ಮಗಳಿಗೆ ಅಮ್ಮನ ಕೈಬರಹದ ಒಂದು ಪುಸ್ತಕ ಉಳಿಯುತ್ತದೆ. ನನ್ನ ತಾಯಿಯದು ಅಂಥದ್ದೊಂದು ಇದ್ದಿದ್ದರೆ ನಾನು ಬಂಗಾರದ ಬಳೆ ಬಿಟ್ಟು ಅದನ್ನೇ ಕೇಳಿ ಪಡೆಯುತ್ತಿದ್ದೆ.

ಉಳಿದ ಸೋದರಿಯರಿಗೆ ಈ ಪಕ್ಷದ ಕೆಲಸ: ಮನೆಯಲ್ಲಿ ಅಜ್ಜಿಯೋ ಅತ್ತೆಯೋ ಇದ್ದರೆ, ಮಧ್ಯಾಹ್ನ ಹತ್ತು ನಿಮಿಷ ಪಕ್ಕದಲ್ಲಿ ಕೂತು ಒಂದು ಪದ ಹೇಳಿಸಿ. ಮೊಬೈಲಿನಲ್ಲಿ ದನಿ ತುಂಬಿಕೊಳ್ಳಿ, ಆಮೇಲೆ ಅವರು ಅಂದ ಹಾಗೆಯೇ ಬರೆಯಿರಿ, ಪುಸ್ತಕದ ಕನ್ನಡಕ್ಕೆ ತಿದ್ದಬೇಡಿ. ಹೇಳಿದವರ ಹೆಸರು, ಊರು, ಯಾವ ಕೆಲಸ ಮಾಡುವಾಗ ಹಾಡುತ್ತಿದ್ದರು, ಇಷ್ಟನ್ನೂ ಕೆಳಗೆ ಬರೆದು ನಮಗೆ ಕಳಿಸಿ. ಮುಂದಿನ ಸಂಚಿಕೆಗಳಲ್ಲಿ ಒಂದೊಂದಾಗಿ ನೋಡೋಣ.

ಕಾಗದ ಬರೆದ ತಂಗಿಯೂ ಬರೆಯಲಿ. ಪದವಲ್ಲ, ಆ ಕಥೆ ಎಲ್ಲಿಗೆ ಬಂತು ಎಂದು.