ಶಟರ್ ಎಳೆಯೋಕೂ ಒಂದು ಕ್ರಮ ಇದೆ

1/7

ಫೋಟೋದಲ್ಲಿ ಕಾಣ್ತಿರೋದು ನಮ್ಮ ಕಾಮರ್ಸ್ ಲ್ಯಾಬ್ ಮೂಲೆಯ ಹಳೇ ಸಿಪಿಯು. ಮೇಲೆ ಧೂಳು, ಪಕ್ಕದಲ್ಲಿ ಯುಪಿಎಸ್, ಮುಂದೆ ಒಂದು ಚೀಟಿ: ‘ಫೆಸ್ಟ್ ಮುಗಿಯೋವರೆಗೂ ಮುಟ್ಟಬೇಡಿ’. ಫೆಸ್ಟ್‌ಗೆ ಅಂತ ನೀವೆಲ್ಲ ಫೋನಲ್ಲಿ ಹೆಸರು ತುಂಬಿದ ಫಾರ್ಮ್ ಓಡ್ತಿದ್ದದ್ದು ಇದರೊಳಗೇ.

ಫೆಸ್ಟ್ ದಿನ ಬೆಳಿಗ್ಗೆ ಏನಾಯ್ತು ಅಂತ ನಿಮಗೆ ಗೊತ್ತು. 23 ಜನ ಯುಪಿಐ ಸ್ಕ್ರೀನ್‌ಶಾಟ್ ಹಿಡ್ಕೊಂಡು ಡೆಸ್ಕ್ ಮುಂದೆ ನಿಂತಿದ್ರು. ದುಡ್ಡು ಬಂದಿದೆ, ಹೆಸರು ಇಲ್ಲ. ಹರಿಹರದಿಂದ ಮೊದಲನೇ ಬಸ್ಸಿಗೆ ಬಂದಿದ್ದ ಫಸ್ಟ್ ಇಯರ್ ಹುಡುಗಿ ಒಬ್ಬಳು ಕ್ವಿಜ್ ಶುರುವಾಗಿ ಮುಗಿಯೋವರೆಗೂ ಅಲ್ಲೇ ನಿಂತಿದ್ಲು. ಆಮೇಲೆ ಏನೂ ಹೇಳದೆ ಹೋದ್ಲು.

ಎಲ್ಲರ ಬಾಯಲ್ಲೂ ಒಂದೇ ಮಾತು: ‘ಸರ್ವರ್ ಕೈ ಕೊಡ್ತು.’

ಸುಳ್ಳು. ಸರ್ವರ್ ಕೈ ಕೊಡಲಿಲ್ಲ. ಹಿಂದಿನ ಸಂಜೆ ನಾವೇ ಅದರ ಕತ್ತು ಹಿಸುಕಿದ್ವಿ. ‘ನಾವು’ ಅಂದ್ರೆ ಕೀಬೋರ್ಡ್ ಮುಂದೆ ಕೂತಿದ್ದ ನಾನು.

ಅದಕ್ಕೇ ಈ ಏಳು ಪೋಸ್ಟ್. ಹೇಳೋದು ಒಂದೇ ವಿಷಯ: ಸರ್ವರ್ ಸ್ಟಾರ್ಟ್ ಮಾಡೋಕೆ ಬಂದ್ರೆ ಸಾಲದು, ಕ್ರಮವಾಗಿ ನಿಲ್ಲಿಸೋಕೆ ಬರಬೇಕು. ಬಾರದವರ ಕೈಗೆ ಪಾಸ್‌ವರ್ಡ್ ಕೊಡಬಾರದು. ನನ್ನನ್ನೂ ಸೇರಿಸೇ ಹೇಳ್ತಿದೀನಿ.

2/7

‘ನಾವು ಬಿಕಾಂ, ನಮಗ್ಯಾಕೆ ಇದೆಲ್ಲ’ ಅನ್ನೋರು ಒಂದು ನಿಮಿಷ ನಿಲ್ಲಿ. ವಠಾರ ನೋಡಿದೀರಲ್ಲ? ಒಂದೇ ಕಾಂಪೌಂಡು, ಎಲ್ಲರಿಗೂ ಸೇರಿ ಒಂದೇ ಬೋರ್‌ವೆಲ್. ಆದ್ರೆ ಮನೆ ಬೇರೆ, ಬಾಗಿಲು ಬೇರೆ, ಅಡುಗೆಮನೆ ಬೇರೆ. ಸಿಸ್ಟಮ್ ಕಂಟೇನರ್ ಅಂದ್ರೆ ಅಂಥ ಒಂದು ಮನೆ. ಬೋರ್‌ವೆಲ್ ಅಂದ್ರೆ ಲಿನಕ್ಸ್ ಕರ್ನಲ್, ಅದು ಎಲ್ಲರಿಗೂ ಒಂದೇ. ಮನೆಯೊಳಗಿನ ಸಂಸಾರ ಮಾತ್ರ ಪೂರ್ತಿ ಸ್ವಂತ. ವರ್ಚುವಲ್ ಮಷೀನ್ ಆದ್ರೆ ಪ್ರತಿ ಮನೆಗೂ ಬೇರೆ ಬೋರ್‌ವೆಲ್ ಕೊರೆಸಿದ ಹಾಗೆ. ಡಾಕರ್ ಕಂಟೇನರ್ ಸಾಮಾನ್ಯವಾಗಿ ಒಂದೇ ಕೆಲಸಕ್ಕೆ ಬಾಡಿಗೆ ಕೊಟ್ಟ ಒಂದು ಕೋಣೆ.

ಇದು ನಿನ್ನೆ ಮೊನ್ನೆ ಬಂದದ್ದಲ್ಲ. ಎಲ್‌ಎಕ್ಸ್‌ಸಿ ಶುರುವಾಗಿದ್ದು 2008ರಲ್ಲಿ. ಅದರ ಮೇಲೆ ಕ್ಯಾನೊನಿಕಲ್‌ನವರು 2014ರಲ್ಲಿ ಎಲ್‌ಎಕ್ಸ್‌ಡಿ ಘೋಷಿಸಿದ್ರು. 2023ರಲ್ಲಿ ಅದರಿಂದ ಕವಲೊಡೆದು ಹುಟ್ಟಿದ್ದು ಇನ್‌ಕಸ್. ನಮ್ಮ ಸಿಪಿಯುನಲ್ಲಿ ಇರೋದು ಈ ಇನ್‌ಕಸ್. ಓಪನ್ ಸೋರ್ಸ್, ಒಂದು ರೂಪಾಯಿ ಖರ್ಚಿಲ್ಲ.

ನಮ್ಮ ವಠಾರದಲ್ಲಿ ಮೂರು ಮನೆ. ‘ವೆಬ್’: ನೀವು ಹೆಸರು ತುಂಬಿದ ಫಾರ್ಮ್. ‘ಡೇಟಾ’: ಹೆಸರುಗಳನ್ನ ಇಡೋ ಡೇಟಾಬೇಸ್. ‘ರಸೀದಿ’: ನಿಮಗೆ ಮೇಲ್ ಕಳಿಸೋದು.

ಸಂಜೆ 5ಕ್ಕೆ ಲ್ಯಾಬ್‌ನ ಮೇನ್ ಸ್ವಿಚ್ ಇಳಿಸ್ತಾರೆ. ಅಂದ್ರೆ ಈ ಮೂರು ಮನೆಗೂ ದಿನಾ ಬಾಗಿಲು ಹಾಕಲೇಬೇಕು. ಅಲ್ಲೇ ಎಡವಿದ್ದು.

3/7

ಆ ಸಂಜೆಯ ಕಥೆ. ಟೈಮ್ 4:55. ಲ್ಯಾಬ್ ಅಣ್ಣ ಬೀಗದ ಕೈ ಆಡಿಸ್ತಾ ‘ಆಯ್ತೇನಮ್ಮಾ, ಆಯ್ತೇನಮ್ಮಾ’ ಅಂತಿದ್ರು. ನಾನು ಮೊದಲು ‘ಡೇಟಾ’ ನಿಲ್ಲಿಸಿದೆ, ತಕ್ಷಣ ನಿಲ್ತು. ಆಮೇಲೆ ‘ವೆಬ್’ಗೆ ಸ್ಟಾಪ್ ಕೊಟ್ಟೆ. ಅದು ನಿಲ್ಲಲೇ ಇಲ್ಲ. ಹತ್ತು ಸೆಕೆಂಡ್, ಇಪ್ಪತ್ತು, ನಲವತ್ತು. ಬೆವರು. ‘ಫೋರ್ಸ್’ ಅಂತ ಹಾಕಿದೆ. ಕಣ್ಣು ಮುಚ್ಚಿ ಬಿಡೋದ್ರೊಳಗೆ ನಿಂತುಹೋಯ್ತು. ಖುಷಿಯಾಗಿ ಬ್ಯಾಗ್ ಏರಿಸ್ಕೊಂಡು ಹೊರಟೆ.

ಈಗ ನಿಜವಾಗಿ ನಡೆದದ್ದು ಕೇಳಿ. ಡಿಸ್ಕ್ ಹಳೇದು, ನಿಧಾನ. ಅದಕ್ಕೆ ನಮ್ಮ ಫಾರ್ಮ್ ಪ್ರತಿ ಹೆಸರನ್ನ ಆಗಿಂದಾಗ ಡೇಟಾಬೇಸಿಗೆ ಬರೀತಿರಲಿಲ್ಲ. 25 ಆಗೋವರೆಗೂ ಮೆಮೊರಿಯಲ್ಲಿ ಇಟ್ಕೊಂಡು ಒಟ್ಟಿಗೆ ಬರೀತಿತ್ತು. ‘ಮುಚ್ತಾ ಇದೀವಿ’ ಅನ್ನೋ ಸಿಗ್ನಲ್ ಬಂದ್ರೆ ಕೈಲಿರೋದನ್ನೆಲ್ಲ ಬರೆದು ಆಮೇಲೆ ನಿಲ್ತಿತ್ತು. ಆ ಸಂಜೆ ಅದರ ಕೈಲಿ 23 ಹೆಸರಿತ್ತು. ಬರೆಯೋಕೆ ‘ಡೇಟಾ’ ಮನೆ ಬಾಗಿಲು ಬಡೀತಿತ್ತು. ಆ ಮನೆಗೆ ನಾನೇ ಮೊದಲು ಬೀಗ ಹಾಕಿದ್ದೆ.

ನಲವತ್ತು ಸೆಕೆಂಡ್ ಅದು ಹಠ ಮಾಡ್ತಿರಲಿಲ್ಲ ಕಣ್ರೀ. ನಿಮ್ಮ ಹೆಸರು ಹಿಡ್ಕೊಂಡು ಬಾಗಿಲಲ್ಲಿ ನಿಂತಿತ್ತು.

ಅಪ್ಪ ದಿನಾ ರಾತ್ರಿ ಕಿರಾಣಿ ಅಂಗಡಿ ಮುಚ್ಚೋದು ನೋಡ್ತೀನಿ. ಒಳಗಿರೋ ಗಿರಾಕಿಯನ್ನ ಮೊದಲು ಕಳಿಸ್ತಾರೆ. ಆಮೇಲೆ ಉದ್ರಿ ಪುಸ್ತಕದಲ್ಲಿ ಬರ್ಕೊಳ್ತಾರೆ, ಗಲ್ಲಾ ಎಣಿಸ್ತಾರೆ. ಶಟರ್ ಕಡೆಗೆ. ಗಲ್ಲಾಪೆಟ್ಟಿಗೆಗೆ ಮೊದಲೇ ಬೀಗ ಹಾಕಿ, ಆಮೇಲೆ ಗಿರಾಕಿ ಕೈಯಿಂದ ದುಡ್ಡು ಇಸ್ಕೊಳ್ಳೋ ಅಂಗಡಿ ಎಲ್ಲಾದ್ರೂ ಇದೆಯಾ? ನಾನು ನಡೆಸಿದ್ದು ಅಂಥ ಅಂಗಡಿ.

4/7

ಸ್ಟಾಪ್‌ಗೂ ಫೋರ್ಸ್‌ಗೂ ವ್ಯತ್ಯಾಸ ‘ನಿಧಾನ’ ಮತ್ತು ‘ಬೇಗ’ ಅಲ್ಲ. ಇದೊಂದು ಮಾತು ತಲೆಯಲ್ಲಿಟ್ಕೊಳ್ಳಿ.

ಸ್ಟಾಪ್ ಕೊಟ್ರೆ ಕಂಟೇನರ್ ಒಳಗಿನ ಯಜಮಾನನಿಗೆ, ಅಂದ್ರೆ ಇನಿಟ್‌ಗೆ, ‘ಮುಚ್ಚಪ್ಪಾ’ ಅನ್ನೋ ಸಿಗ್ನಲ್ ಹೋಗುತ್ತೆ. ಹೆಚ್ಚಿನ ಕಡೆ ಆ ಯಜಮಾನ ಸಿಸ್ಟಮ್‌ಡಿ. ಅದು ಒಳಗಿನ ಒಂದೊಂದೇ ಸರ್ವಿಸ್‌ಗೆ ಸಿಗ್‌ಟರ್ಮ್ ಕಳಿಸುತ್ತೆ: ಕೆಲಸ ಮುಗಿಸ್ಕೊಂಡು ಹೊರಡಿ ಅಂತ. ಬೇರೆ ಏನೂ ಹೇಳಿರದಿದ್ರೆ 90 ಸೆಕೆಂಡ್ ಕಾಯುತ್ತೆ. ಆಮೇಲೂ ಹೊರಡದಿದ್ರೆ ಮಾತ್ರ ಸಿಗ್‌ಕಿಲ್.

ಫೋರ್ಸ್ ಅಂದ್ರೆ ಮೊದಲನೇ ಹೆಜ್ಜೆಯೇ ಸಿಗ್‌ಕಿಲ್. ಅದನ್ನ ಯಾವ ಪ್ರೋಗ್ರಾಮೂ ತಡೆಯೋ ಹಾಗಿಲ್ಲ, ಕೇಳಿಸ್ಕೊಳ್ಳೋ ಹಾಗೂ ಇಲ್ಲ. ಮೆಮೊರಿಯಲ್ಲಿದ್ದದ್ದು ಅಲ್ಲಿಗೆ ಮುಗೀತು.

ಇನ್ನೊಂದು ಬಲೆ ಇದೆ. ನೀವು ಕಂಟೇನರ್ ಮುಟ್ಟದೆ ಇಡೀ ಸಿಪಿಯುನೇ ಕ್ರಮವಾಗಿ ಶಟ್‌ಡೌನ್ ಮಾಡಿದ್ರಿ ಅನ್ನಿ. ಇನ್‌ಕಸ್ ಪ್ರತಿ ಕಂಟೇನರ್‌ಗೂ ಕಾಯೋದು, ನಾವು ಬದಲಾಯಿಸದಿದ್ರೆ, 30 ಸೆಕೆಂಡ್. ಒಳಗಿನ ಯಜಮಾನ ಸರ್ವಿಸ್‌ಗೆ ಕೊಟ್ಟ ಗಡುವು 90, ವಠಾರದ ಓನರ್ ಕೊಟ್ಟ ಗಡುವು 30. ಗೆಲ್ಲೋದು ಓನರ್. ಒಳಗಿನವರು ‘ಇನ್ನೂ ಟೈಮ್ ಇದೆ’ ಅಂತ ನಂಬ್ಕೊಂಡು ಬರೀತಿರುವಾಗಲೇ ಲೈಟ್ ಆಫ್. ‘ಬೂಟ್ ಹೋಸ್ಟ್ ಶಟ್‌ಡೌನ್ ಟೈಮ್‌ಔಟ್’ ಅನ್ನೋ ಸೆಟ್ಟಿಂಗ್ ನೋಡಿ, 90ಕ್ಕಿಂತ ಜಾಸ್ತಿ ಇಡಿ. ನಾವೀಗ 120 ಇಟ್ಟಿದೀವಿ. ಯುಪಿಎಸ್ ಅದಕ್ಕಿಂತ ಜಾಸ್ತಿ ಹೊತ್ತು ಬರುತ್ತಾ ಅಂತಲೂ ನೋಡಿ. ಬರದಿದ್ರೆ ಈ ಸೆಟ್ಟಿಂಗ್ ಬರೀ ಅಲಂಕಾರ.

5/7

ಫೆಸ್ಟ್ ಬೆಳಿಗ್ಗೆಯ ಎರಡನೇ ಅನಾಹುತ: ನೆಟ್‌ವರ್ಕ್.

23 ಹೆಸರು ಕಾಣದಿದ್ದಾಗ ನಾವು ‘ಡೇಟಾ ಕೆಟ್ಟಿದೆ’ ಅಂದ್ಕೊಂಡು ಗಾಬರಿಯಲ್ಲಿ ಅದರ ಕಾಪಿ ಮಾಡಿ ಕಾಪಿಯನ್ನ ಎಬ್ಬಿಸಿದ್ವಿ. ಇದ್ದ ಹೆಸರೂ ಹೋದ್ವು. ನಲವತ್ತು ನಿಮಿಷ ಲಿಸ್ಟೇ ಇಲ್ಲ.

ಕಾರಣ ಸಿಂಪಲ್. ಇನ್‌ಕಸ್ ತಾನೇ ಒಂದು ಬ್ರಿಜ್ ಮಾಡ್ಕೊಂಡಿರುತ್ತೆ, ಅದೇ ವಠಾರದ ಒಳಓಣಿ. ಓಣಿಯೊಳಗೆ ಮನೆ ನಂಬರ್ ಹಂಚೋದು ಡಿಎಚ್‌ಸಿಪಿ. ಹೊರಗಿನವರಿಗೆ ಆ ನಂಬರ್ ಕಾಣಲ್ಲ. ಹೊರಗಿಂದ ಒಳಗೆ ಬರೋಕೆ ಪ್ರಾಕ್ಸಿ ಡಿವೈಸ್ ಥರ ಒಂದು ಗೇಟ್ ಇಡಬೇಕು. ಕಾಪಿ ಮಾಡಿದ ಕಂಟೇನರ್‌ಗೆ ಹೊಸ ಮ್ಯಾಕ್ ಅಡ್ರೆಸ್ ಸಿಗುತ್ತೆ, ಹಾಗಾಗಿ ಮನೆ ನಂಬರೂ ಹೊಸದು. ‘ವೆಬ್’ ಮಾತ್ರ ಹಳೇ ನಂಬರ್ ಬಾಗಿಲನ್ನೇ ಬಡೀತಾ ಕೂತಿತ್ತು. ಹಳೇ ‘ಡೇಟಾ’ ಕೆಟ್ಟೇ ಇರಲಿಲ್ಲ, ಅದೂ ಆಮೇಲೆ ಗೊತ್ತಾಯ್ತು.

ಪರಿಹಾರ ಎರಡು ನಿಮಿಷದ್ದು. ಒಂದೋ ನಂಬರ್ ಬದಲು ಹೆಸರಿಂದ ಕರೀರಿ, ಬ್ರಿಜ್ ಮೇಲಿನ ಡಿಎನ್‌ಎಸ್ ಹುಡುಕಿ ಕೊಡುತ್ತೆ. ಇಲ್ಲಾ ಕಂಟೇನರ್‌ನ ನೆಟ್‌ವರ್ಕ್ ಡಿವೈಸ್‌ಗೆ ಐಪಿ ಖಾಯಂ ಮಾಡಿ. ಕಾಪಿ ಎಬ್ಬಿಸೋದಾದ್ರೆ ಹಳೇದರಿಂದ ಆ ನಂಬರ್ ಬಿಡಿಸಿ ಹೊಸದಕ್ಕೆ ಕೊಡಿ. ಒಂದು ಎಚ್ಚರಿಕೆ: ಅದೇ ಸಿಪಿಯು ಮೇಲೆ ಡಾಕರ್ ಕೂಡ ಹಾಕಿದ್ರೆ, ಅದರ ಫೈರ್‌ವಾಲ್ ನಿಯಮ ಇನ್‌ಕಸ್ ಬ್ರಿಜ್‌ನ ದಾರಿ ಕತ್ತರಿಸಬಹುದು. ಸುಮ್ನೆ ‘ಇರಲಿ’ ಅಂತ ಎರಡನ್ನೂ ಸೇರಿಸಬೇಡಿ.

ನೆಟ್‌ವರ್ಕ್ ಬೇರೆ, ಶಟ್‌ಡೌನ್ ಬೇರೆ ಅಂದ್ಕೋಬೇಡಿ. ಆ ಸಂಜೆ ‘ವೆಬ್’ ನಿಲ್ಲದೆ ಒದ್ದಾಡಿದ್ದು, ತಾನು ಮಾತಾಡಬೇಕಾದವರು ಓಣಿಯಲ್ಲಿ ಇಲ್ಲದೆ ಹೋಗಿದ್ದಕ್ಕೆ.

6/7

ಈಗ ವಾದ. ಹೋದ ವಾರ ಇದನ್ನ ಸ್ಟೋರಿಗೆ ಹಾಕಿದಾಗ ಬಂದ ಮೆಸೇಜ್‌ಗಳಿಗೆ ಉತ್ತರ.

‘ಒಳ್ಳೇ ಡೇಟಾಬೇಸ್ ಕರೆಂಟ್ ಹೋದ್ರೂ ತಡ್ಕೊಳುತ್ತೆ, ಇಷ್ಟು ಸೀನ್ ಬೇಕಾ?’ ಅರ್ಧ ನಿಜ, ಒಪ್ತೀನಿ. ಪೋಸ್ಟ್‌ಗ್ರೆಸ್ ಥರದ್ದು ಬದಲಾವಣೆಯನ್ನ ಮೊದಲು ಲಾಗ್‌ನಲ್ಲಿ ಬರೆದಿಡುತ್ತೆ, ಬಿದ್ದು ಎದ್ದಾಗ ಅದನ್ನ ಓದಿ ಸರಿಮಾಡ್ಕೊಳುತ್ತೆ. ಆದ್ರೆ ಅದು ಉಳಿಸೋದು ತನ್ನ ಕೈಗೆ ತಲುಪಿದ್ದನ್ನ. ದಾರಿಯಲ್ಲಿದ್ದ 23 ಹೆಸರನ್ನ ಅಲ್ಲ. ಹಾಗೆ ಮೆಮೊರಿಯಲ್ಲಿ ಇಟ್ಕೊಳ್ಳೋ ಫಾರ್ಮ್ ಬರೆದದ್ದೇ ತಪ್ಪು ಅಂತೀರಾ? ಹೌದು, ತಪ್ಪು. ಅದನ್ನೂ ತಿದ್ದಿದೀವಿ. ಆದ್ರೂ ಇನ್ಶೂರೆನ್ಸ್ ಇದೆ ಅಂತ ಅಂಗಡಿ ಬೀಗ ಹಾಕದೆ ಮನೆಗೆ ಹೋಗ್ತೀರಾ? ಕರೆಂಟ್ ಹೋದ್ರೆ ಅದು ಆಕಸ್ಮಿಕ. ದಿನಾ ಸಂಜೆ ನಾವೇ ಫೋರ್ಸ್ ಹಾಕಿದ್ರೆ ಅದು ಅಭ್ಯಾಸ.

‘ನಿಲ್ಲದೇ ಹೋದ್ರೆ ಇನ್ನೇನು ಮಾಡ್ಬೇಕು?’ ಯಾಕೆ ನಿಲ್ತಿಲ್ಲ ಅಂತ ಕೇಳ್ಬೇಕು. ಕಂಟೇನರ್ ಒಳಗೆ ಹೋಗಿ ಸಿಸ್ಟಮ್‌ಡಿಯ ಜಾಬ್ ಲಿಸ್ಟ್ ನೋಡಿದ್ರೆ ಯಾವುದು ಕಾಯ್ತಿದೆ ಅಂತ ಹೆಸರು ಸಮೇತ ತೋರಿಸುತ್ತೆ. ಆ ಸಂಜೆ ನೋಡಿದ್ರೆ ಫಾರ್ಮ್ ಅಂತ ಕಾಣ್ತಿತ್ತು. 90 ಸೆಕೆಂಡ್ ಮುಗಿಯೋದ್ರೊಳಗೆ ‘ಡೇಟಾ’ ಮತ್ತೆ ಎಬ್ಬಿಸಿದ್ರೆ 23 ಹೆಸರೂ ಉಳೀತಿದ್ವು. ಎಲ್ಲಾ ನೋಡಿದ ಮೇಲೂ ನಿಲ್ಲದಿದ್ರೆ ಫೋರ್ಸ್ ಹಾಕಿ, ಬೇಡ ಅನ್ನಲ್ಲ. ಏನು ಕಳ್ಕೊಳ್ತಿದೀವಿ ಅಂತ ಗೊತ್ತಿದ್ದು ಹಾಕಿ.

‘ಇದೆಲ್ಲ ಬಿಸಿಎದವರ ಕೆಲಸ.’ ಈ ಮಾತಿಗೆ ಮಾತ್ರ ನನಗೆ ಸಿಟ್ಟು ಬರುತ್ತೆ. ಫೆಸ್ಟ್ ಅಕೌಂಟಿಗೂ ರಿಜಿಸ್ಟರಿಗೂ ತಾಳೆ ನೋಡಿದಾಗ 3,450 ರೂಪಾಯಿ ವ್ಯತ್ಯಾಸ ಬಂತು. ತಲೆಗೆ 150ರಂತೆ 23 ಜನ. ದುಡ್ಡು ಯಾರದ್ದು ಅಂತ ಸಿಕ್ತು, ಯಾವ ಸ್ಪರ್ಧೆಗೆ ಕೊಟ್ಟಿದ್ದು ಅಂತ ಸಿಗಲಿಲ್ಲ. ದಿನದ ಲೆಕ್ಕ ಮುಗಿಸದೆ ಪುಸ್ತಕ ಮುಚ್ಚಬಾರದು ಅಂತ ಫಸ್ಟ್ ಸೆಮ್‌ನಿಂದ ಓದ್ತಿರೋರು ನಾವು. ನಮಗಲ್ಲದೆ ಇನ್ಯಾರಿಗೆ ಇದು ಅರ್ಥ ಆಗಬೇಕು?

7/7

ಕೊನೇ ಫೋಟೋ: ಸಿಪಿಯು ಮೇಲೆ ನಿನ್ನೆ ಅಂಟಿಸಿದ ಹೊಸ ಚೀಟಿ. ‘ಮುಟ್ಟಬೇಡಿ’ ಅನ್ನೋದನ್ನ ಕಿತ್ತು ಹಾಕಿದೆ. ಮುಟ್ಟಬೇಡಿ ಅಂದ್ರೆ ಯಾರೂ ಕಲಿಯಲ್ಲ. ಈಗ ಬರೆದಿರೋದು ಇಷ್ಟು:

ಒಂದು. 4:40ಕ್ಕೆ ಫಾರ್ಮ್ ಕ್ಲೋಸ್. 4:55ಕ್ಕಲ್ಲ.
ಎರಡು. ಮೊದಲು ‘ವೆಬ್’, ಆಮೇಲೆ ‘ರಸೀದಿ’, ಕಡೆಗೆ ‘ಡೇಟಾ’. ಬೆಳಿಗ್ಗೆ ಎಬ್ಬಿಸೋದು ಉಲ್ಟಾ.
ಮೂರು. ಈ ಕ್ರಮ ಇನ್‌ಕಸ್‌ಗೂ ಹೇಳಿಯಾಗಿದೆ. ಸ್ಟಾಪ್ ಪ್ರಯಾರಿಟಿಯಲ್ಲಿ ದೊಡ್ಡ ಸಂಖ್ಯೆ ಇರೋದು ಮೊದಲು ನಿಲ್ಲುತ್ತೆ, ಆಟೋಸ್ಟಾರ್ಟ್ ಪ್ರಯಾರಿಟಿಯಲ್ಲಿ ದೊಡ್ಡ ಸಂಖ್ಯೆ ಇರೋದು ಮೊದಲು ಏಳುತ್ತೆ. ‘ಡೇಟಾ’ಗೆ ಮೊದಲನೇದು ಚಿಕ್ಕದು, ಎರಡನೇದು ದೊಡ್ಡದು.
ನಾಲ್ಕು. ಮೂರು ಮನೆಯ ಐಪಿ ನಂಬರ್ ಇಲ್ಲೇ ಬರೆದಿದೆ. ಬದಲಾಯಿಸಿದವರು ತಿದ್ದಬೇಕು.
ಐದು. ಫೋರ್ಸ್ ಹಾಕಿದವರು ಪಕ್ಕದ ನೋಟ್‌ಬುಕ್ಕಲ್ಲಿ ಟೈಮ್, ಕಾರಣ, ಹೆಸರು ಬರೀಬೇಕು. ಮೊದಲನೇ ಸಾಲಲ್ಲಿ ನನ್ನ ಹೆಸರಿದೆ.

ಮುಂದಿನ ತಿಂಗಳು ಇದೇ ಸಿಪಿಯು ಮೇಲೆ ಇಂಟರ್ನ್‌ಶಿಪ್ ಫಾರ್ಮ್ ಬರುತ್ತೆ. ಕ್ವಿಜ್ ತಪ್ಪಿದ್ರೆ ಮುಂದಿನ ವರ್ಷ ಇದೆ, ಇಂಟರ್ನ್‌ಶಿಪ್ ಲಿಸ್ಟಲ್ಲಿ ಹೆಸರು ತಪ್ಪಿದ್ರೆ ಯಾರಿಗೆ ಹೋಗಿ ಕೇಳ್ತೀರಾ? ಟೆಕ್ ಟೀಮಲ್ಲಿ ಇರೋರು, ಸೇರ್ಬೇಕು ಅನ್ನೋರು ಶನಿವಾರ 3 ಗಂಟೆಗೆ ಲ್ಯಾಬ್‌ಗೆ ಬನ್ನಿ. ಸ್ಟಾರ್ಟ್ ಮಾಡೋದು ಹೇಳ್ಕೊಡಲ್ಲ, ಅದು ಎಲ್ಲರಿಗೂ ಬರುತ್ತೆ. ಒಬ್ಬೊಬ್ಬರೂ ಮೂರು ಕಂಟೇನರ್ ನಿಲ್ಲಿಸಿ ತೋರಿಸಿ, ಒಂದು ಹೆಸರೂ ಕಳೀದ ಹಾಗೆ. ಆಮೇಲೆ ಪಾಸ್‌ವರ್ಡ್.

ಹರಿಹರದ ಆ ಹುಡುಗಿ ಇದನ್ನ ಓದ್ತಿದ್ರೆ: ನಿನ್ನ ಹೆಸರು ಕಳೆದದ್ದು ಸರ್ವರ್‌ನಿಂದಲ್ಲ, ನನ್ನಿಂದ. ಸಾರಿ ಕಣಮ್ಮಾ. 150 ರೂಪಾಯಿ ವಾಪಸ್ ಬಂದಿರುತ್ತೆ, ನೋಡ್ಕೋ. ಶನಿವಾರ ನೀನೂ ಬಾ.

ಒಪ್ಪದವರು ಕಾಮೆಂಟಲ್ಲಿ ಜಗಳಕ್ಕೆ ಬನ್ನಿ. ಒಪ್ಪಿದವರು ಸೇವ್ ಮಾಡ್ಕೊಳ್ಳಿ, 4:40ಕ್ಕೆ ಬೇಕಾಗುತ್ತೆ.

#ಫೋರ್ಸ್_ಹಾಕೋ_ಮುಂಚೆ_ಕೇಳಿ #ಕಾಮರ್ಸ್_ಲ್ಯಾಬ್ #ಇನ್‌ಕಸ್_ಕನ್ನಡದಲ್ಲಿ