ಕಾರಣ ಕೇಳಿದರೆ ಒಂದು ಚುಕ್ಕಿ!

ವಿಂಡೋಸ್ ಸರ್ವರ್ ಆಫ್ ಮಾಡಲು ಹೋದರೆ ಅದು ಮೊದಲು ಒಂದು ಪ್ರಶ್ನೆ ಕೇಳುತ್ತದೆ, ಗಮನಿಸಿದ್ದೀರಾ? "ಯಾಕೆ ಆಫ್ ಮಾಡುತ್ತಿದ್ದೀರಿ?" ಅಂತ. 2003ರ ಆವೃತ್ತಿಯಿಂದ ಬಂದ ಪದ್ಧತಿ ಇದು. ಆಗ 'ಅದರ್' ಅಂತ ಆರಿಸಿದರೆ ಏನಾದರೂ ಬರೆಯಲೇಬೇಕಿತ್ತು, ಇಲ್ಲದಿದ್ದರೆ ಓಕೆ ಗುಂಡಿ ಒತ್ತಲು ಬರುತ್ತಿರಲಿಲ್ಲ. ನಮ್ಮವರು ಏನು ಬರೆಯುತ್ತಿದ್ದರು? ಒಂದು ಚುಕ್ಕಿ. ಸ್ವಲ್ಪ ಉತ್ಸಾಹ ಇದ್ದವರು ಎಎಸ್‌ಡಿಎಫ್. ಈವೆಂಟ್ ವ್ಯೂವರ್‌ನಲ್ಲಿ 1074 ನಂಬರಿನ ದಾಖಲೆಗಳನ್ನು ತೆರೆದರೆ ಯಾರು, ಎಷ್ಟು ಹೊತ್ತಿಗೆ ರೀಸ್ಟಾರ್ಟ್ ಮಾಡಿದರು ಎಲ್ಲಾ ಇರುತ್ತದೆ. ಕಾರಣದ ಜಾಗದಲ್ಲಿ ಮಾತ್ರ ಚುಕ್ಕಿ, ಚುಕ್ಕಿ, ಚುಕ್ಕಿ... ಅಂಧೇರಿ, ಠಾಣೆ, ಭಿವಂಡಿಯ ಸಣ್ಣಪುಟ್ಟ ಕಂಪನಿಗಳ ಸರ್ವರ್ ನೋಡಿಕೊಳ್ಳುತ್ತಾ ಇಪ್ಪತ್ತು ವರ್ಷ ದಾಟಿದ ನಾನು ಅತಿ ಹೆಚ್ಚು ಓದಿದ ಸಾಹಿತ್ಯ ಇದೇ ಇರಬೇಕು :)

"ಬಂದ್ ಕರ್ಕೆ ಚಾಲೂ ಕರೋ." ಈ ಮುಂಬಯಿಯಲ್ಲಿ ಸರ್ವರಿನ ಎಲ್ಲ ಕಾಯಿಲೆಗೂ ಇದೊಂದೇ ಕಷಾಯ.

ರೀಸ್ಟಾರ್ಟ್ ಮಾಡಲೇಬಾರದು ಅಂತ ನಾನು ಹೇಳುತ್ತಿಲ್ಲ. ಗಿರಾಕಿ ಕೌಂಟರಿನಲ್ಲಿ ನಿಂತಿರುವಾಗ ಸಂಶೋಧನೆ ಮಾಡುತ್ತಾ ಕೂರಲಾಗದು, ಗೊತ್ತು. ಆದರೆ ಯಾವ ಪ್ರೋಗ್ರಾಮು ಎಷ್ಟು ಮೆಮೊರಿ ತಿಂದಿತ್ತು, ಯಾರ್ಯಾರ ಕನೆಕ್ಷನ್ ಸಿಕ್ಕಿಕೊಂಡಿತ್ತು, ಯಾವುದು ಯಾವುದಕ್ಕಾಗಿ ಕಾಯುತ್ತಿತ್ತು ಎಂಬುದೆಲ್ಲ ಆ ಒಂದು ಗುಂಡಿ ಒತ್ತಿದ ಕೂಡಲೇ ಅಳಿಸಿಹೋಗುತ್ತದೆ. ಕಳ್ಳ ನುಗ್ಗಿದ ಮನೆಯನ್ನು ಪೊಲೀಸರು ಬರುವ ಮೊದಲೇ ಗುಡಿಸಿ, ಸಾರಿಸಿ, ರಂಗೋಲಿ ಹಾಕಿದ ಹಾಗೆ. ಆಮೇಲೆ "ಕಳ್ಳ ಯಾರೋ ಗೊತ್ತಾಗಲಿಲ್ಲ" ಅಂದರೆ?

ಒಂದು ಪ್ರಸಂಗ ಹೇಳುತ್ತೇನೆ, ಹೆಸರು ಬೇಡ. ಭಿವಂಡಿ ಕಡೆಯ ಒಂದು ಗೋದಾಮಿನ ವ್ಯವಹಾರ. ಬಿಲ್ಲಿಂಗ್ ನಡೆಯುವುದು ಲಿನಕ್ಸ್ ಮೇಲಿನ ಟಾಮ್‌ಕ್ಯಾಟ್‌ನಲ್ಲಿ. ಹತ್ತು ಹನ್ನೆರಡು ದಿನಕ್ಕೊಮ್ಮೆ ಡಿಸ್ಕ್ ತುಂಬಿ ಎಲ್ಲಾ ನಿಲ್ಲುವುದು, ರೀಸ್ಟಾರ್ಟ್ ಮಾಡಿದರೆ ಪವಾಡದಂತೆ ಅರ್ಧ ಡಿಸ್ಕ್ ಖಾಲಿ! ನಾಲ್ಕು ತಿಂಗಳು ಹೀಗೇ ನಡೆಯಿತು. ಕಾರಣ ಏನೆಂದರೆ, ಹಿಂದೆ ಯಾರೋ ಪುಣ್ಯಾತ್ಮರು ದೊಡ್ಡದಾಗುತ್ತಿದ್ದ ಲಾಗ್ ಫೈಲನ್ನು ರಾತ್ರಿ ತಾನಾಗಿ ಡಿಲೀಟ್ ಮಾಡುವಂತೆ ಕ್ರಾನ್‌ನಲ್ಲಿ ಹಾಕಿಟ್ಟಿದ್ದರು. ಲಿನಕ್ಸ್‌ನಲ್ಲಿ ಫೈಲಿನ ಹೆಸರು ಅಳಿಸಿದರೂ, ಅದನ್ನು ತೆರೆದಿಟ್ಟುಕೊಂಡ ಪ್ರೋಗ್ರಾಮು ಬಿಡುವ ತನಕ ಜಾಗ ಬಿಡುಗಡೆ ಆಗುವುದಿಲ್ಲ. ಟಾಮ್‌ಕ್ಯಾಟ್ ಆ ಹೆಸರಿಲ್ಲದ ಫೈಲಿಗೇ ಬರೆಯುತ್ತಾ ಕೂತಿತ್ತು. 'ಡಿಎಫ್' ನೂರಕ್ಕೆ ನೂರು ತುಂಬಿದೆ ಅನ್ನುತ್ತದೆ, 'ಡಿಯು' ಅರ್ಧವೂ ಇಲ್ಲ ಅನ್ನುತ್ತದೆ. ಈ ಎರಡು ಲೆಕ್ಕ ತಾಳೆಯಾಗದಿದ್ದರೆ 'ಎಲ್‌ಎಸ್‌ಒಎಫ್' ಓಡಿಸಿ ಅಳಿಸಿದ ಫೈಲನ್ನು ಯಾರು ಹಿಡಿದಿದ್ದಾರೆ ನೋಡಬೇಕು. ಹತ್ತು ನಿಮಿಷದ ಕೆಲಸ. ಲಾಗ್‌ರೊಟೇಟ್ ಸರಿಯಾಗಿ ಬರೆದರೆ ಮುಗಿಯಿತು.

ಆದರೆ ಆ ಹತ್ತು ನಿಮಿಷ ಯಾರೂ ಕೊಡಲಿಲ್ಲ. ನೈಟ್ ಶಿಫ್ಟಿನಲ್ಲಿದ್ದವನು ನಮ್ಮ ಹಾವೇರಿ ಕಡೆಯ ಹುಡುಗ. "ಡಿಸ್ಕ್ ಪದೇ ಪದೇ ತುಂಬುತ್ತಿದೆ, ಕಾರಣ ಹುಡುಕಲು ಸ್ವಲ್ಪ ಸಮಯ ಬೇಕು" ಅಂತ ತನ್ನ ಮ್ಯಾನೇಜರಿಗೆ ಎರಡು ಸಲ ಮೇಲ್ ಹಾಕಿದ್ದ. ಬಂದ ಉತ್ತರ: "ಟಿಕೆಟ್ ಕ್ಲೋಸ್ ಆಯಿತಲ್ಲ?" ಮಾರ್ಚ್ 31ರ ಸಂಜೆ ಮತ್ತೆ ನಿಂತಿತು. ಗಾಬರಿಯಲ್ಲಿ ಯಾರೋ ಪವರ್ ಬಟನ್ ಒತ್ತಿ ಹಿಡಿದರು. ಫೈಲ್‌ಸಿಸ್ಟಮ್ ತಪಾಸಣೆ ಮುಗಿದು ಸರ್ವರ್ ಮೇಲೇಳಲು ಮೂರು ತಾಸು. ಬಿಲ್ ಇಲ್ಲದೆ ಇ-ವೇ ಬಿಲ್ ಇಲ್ಲ, ಇ-ವೇ ಬಿಲ್ ಇಲ್ಲದೆ ಲಾರಿ ಗೇಟು ದಾಟುವ ಹಾಗಿಲ್ಲ. ಲಾರಿಗಳು ಸಾಲಾಗಿ ನಿಂತವು. ಮರುದಿನ ಕೆಲಸ ಹೋದದ್ದು ಯಾರದ್ದು? ಮ್ಯಾನೇಜರನದಲ್ಲ ಸ್ವಾಮೀ. "ಸರ್, ನಾನು ಬರೆದಿದ್ದೆ ಸರ್" ಅಂತ ಆ ಹುಡುಗ ನನಗೆ ಮೊಬೈಲಿನಲ್ಲಿ ಮೇಲ್ ತೋರಿಸಿದ.

ನನ್ನ ಸಿಟ್ಟಿರುವುದು ಹುಡುಗರ ಮೇಲಲ್ಲ, ಎಣಿಕೆಯ ಮೇಲೆ. ನಮ್ಮ ಎಎಂಸಿ ಒಪ್ಪಂದಗಳು ಎಣಿಸುವುದು ಟಿಕೆಟ್ ಎಷ್ಟು ನಿಮಿಷದಲ್ಲಿ ಕ್ಲೋಸ್ ಆಯಿತು ಎಂದಷ್ಟೇ. ಒಂದೇ ತೊಂದರೆ ಹತ್ತು ಸಲ ಬಂದು ಹತ್ತು ಸಲ ರೀಸ್ಟಾರ್ಟ್ ಆದರೆ ಹತ್ತು ಹಸಿರು ಗೆರೆ, ತಿಂಗಳ ವರದಿ ಗದ್ದೆಯ ಹಾಗೆ ಕಾಣುತ್ತದೆ. ಮೂರು ತಾಸು ಕೂತು ಬೇರು ಕಿತ್ತವನಿಗೆ ಕೆಂಪು ಗೆರೆ. ಹೀಗಿದ್ದ ಮೇಲೆ ಯಾವ ಹುಡುಗ ತಾನೇ ಕಾರಣ ಹುಡುಕಿಯಾನು?

ಇನ್ನು ರೀಸ್ಟಾರ್ಟಿಗೂ ಬಗ್ಗದ ತೊಂದರೆಗಳಿವೆ. ಎಸ್‌ಕ್ಯೂಎಲ್ ಸರ್ವರ್ 'ಫುಲ್ ರಿಕವರಿ'ಯಲ್ಲಿದ್ದು ಲಾಗ್ ಬ್ಯಾಕಪ್ ತೆಗೆಯದೇ ಇದ್ದರೆ ಟ್ರಾನ್ಸಾಕ್ಷನ್ ಲಾಗ್ ಬೆಳೆಯುತ್ತಲೇ ಹೋಗುತ್ತದೆ. ದಿನಾ ಫುಲ್ ಬ್ಯಾಕಪ್ ತೆಗೆದರೂ ಅದು ಖಾಲಿಯಾಗದು. ಕೊನೆಗೆ 9002 ಎರರ್. ನಮ್ಮವರು ಮೊದಲು ರೀಸ್ಟಾರ್ಟ್ ಮಾಡಿ, ಆಮೇಲೆ ರಿಕವರಿ ಮಾಡೆಲ್ಲನ್ನೇ 'ಸಿಂಪಲ್' ಮಾಡಿ ಲಾಗನ್ನು ಕುಗ್ಗಿಸಿ ಕೈತೊಳೆದುಕೊಳ್ಳುತ್ತಾರೆ. ಮಧ್ಯಾಹ್ನ ಡೇಟಾಬೇಸ್ ಕೆಟ್ಟರೆ ಹಿಂದಿನ ರಾತ್ರಿಯ ನಂತರದ್ದೆಲ್ಲ ಗಂಗಾರ್ಪಣ ಎಂದು ಮಾಲೀಕರಿಗೆ ಯಾರು ಹೇಳುತ್ತಾರೆ? ಡೊಮೇನ್ ಗಡಿಯಾರಕ್ಕೂ ಯಂತ್ರದ ಗಡಿಯಾರಕ್ಕೂ ಐದು ನಿಮಿಷಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಕರ್ಬೆರೋಸ್ ಒಳಗೆ ಬಿಡುವುದಿಲ್ಲ, ಅದು ಮೂಲ ನಿಯಮ. ಅದಕ್ಕೂ ಪಾಸ್‌ವರ್ಡ್ ಬದಲಿಸುವವರನ್ನು ನೋಡಿದ್ದೇನೆ.

"2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಅಪ್‌ಡೇಟಿನಿಂದ 85 ಲಕ್ಷ ವಿಂಡೋಸ್ ಯಂತ್ರಗಳು ಬಿದ್ದಾಗ ಮೈಕ್ರೋಸಾಫ್ಟ್‌ನವರೇ ರೀಸ್ಟಾರ್ಟ್ ಮಾಡಿ, 15 ಸಲ ಬೇಕಾದೀತು ಅಂದಿದ್ದರಲ್ಲ?" ಅಂತ ಒಬ್ಬ ಗೆಳೆಯರು ವಾದಿಸಿದರು. ಅಜ್ಯೂರ್‌ನ ವರ್ಚುವಲ್ ಯಂತ್ರಗಳಿಗೆ ಅಂದಿದ್ದರು, ನಿಜ. ಆದರೆ ಕೆಟ್ಟ ಫೈಲು ಯಾವುದು ಅಂತ ಅಷ್ಟರಲ್ಲಿ ಗೊತ್ತಾಗಿತ್ತು. ಮತ್ತೆ ಬೀಳುವ ಮೊದಲು ಯಂತ್ರ ನೆಟ್‌ವರ್ಕ್ ಹಿಡಿದು ಸರಿಯಾದ ಫೈಲ್ ಎಳೆದುಕೊಂಡೀತು ಎಂಬುದು ಲೆಕ್ಕ. ಕಾರಣ ತಿಳಿದು ಹದಿನೈದು ಸಲ ಮಾಡಲಿ, ನನ್ನ ತಕರಾರಿಲ್ಲ.

ಗಿಟ್‌ಲ್ಯಾಬ್‌ನವರನ್ನು ನೋಡಿ. 2017ರ ಜನವರಿ 31ರಂದು ಅವರ ಎಂಜಿನಿಯರ್ ಒಬ್ಬರು ತಪ್ಪು ಸರ್ವರಿನಲ್ಲಿ ಡೇಟಾಬೇಸ್ ಅಳಿಸಿಬಿಟ್ಟರು. ಬ್ಯಾಕಪ್ ಹುಡುಕಿದರೆ ಅದು ಆವೃತ್ತಿ ಹೊಂದದೆ ವಿಫಲವಾಗುತ್ತಲೇ ಇತ್ತು, ಎಚ್ಚರಿಕೆಯ ಮೇಲ್‌ಗಳೂ ತಲುಪಿರಲಿಲ್ಲ. ಸುಮಾರು ಆರು ತಾಸಿನ ಮಾಹಿತಿ ಹೋಯಿತು. ಅವರು ಇದೆಲ್ಲವನ್ನೂ ಜಗತ್ತಿಗೆ ಕಾಣುವಂತೆ ಬರೆದಿಟ್ಟರು, ಆ ಎಂಜಿನಿಯರ್ ಹೆಸರು ಮಾತ್ರ ಹಾಕಲಿಲ್ಲ. ನಮ್ಮಲ್ಲಿ ಮೂಲಕಾರಣ ವರದಿ ಅಂದರೆ "ರೀಸ್ಟಾರ್ಟ್ ನಂತರ ಸರಿಹೋಯಿತು", ಕೆಳಗೆ ಹುಡುಗನ ಹೆಸರು ದಪ್ಪಕ್ಷರದಲ್ಲಿ.

ಇದನ್ನು ಓದುವವರಲ್ಲಿ ಹೋಟೆಲ್, ಟ್ರಾನ್ಸ್‌ಪೋರ್ಟ್, ಪ್ರಿಂಟಿಂಗ್ ಪ್ರೆಸ್ ನಡೆಸುವ ನಮ್ಮೂರಿನವರೂ ಇದ್ದೀರಿ. ಎಎಂಸಿ ನವೀಕರಣಕ್ಕೆ ಬಂದಾಗ ಎರಡು ಸಾಲು ಸೇರಿಸಿ ನೋಡಿ: ರೀಸ್ಟಾರ್ಟಿಗೆ ಮೊದಲು ಐದು ನಿಮಿಷ ಡಿಸ್ಕ್, ಮೆಮೊರಿ, ಲಾಗ್‌ಗಳ ನಕಲು ತೆಗೆಯಬೇಕು, ಒಂದೇ ತೊಂದರೆ ಮೂರನೇ ಸಲ ಬಂದರೆ ಕಾರಣ ಬರೆದುಕೊಡುವ ತನಕ ಟಿಕೆಟ್ ಕ್ಲೋಸ್ ಆಗಕೂಡದು. ಸಪೋರ್ಟ್ ಕಂಪನಿಯವರು "ಇದಕ್ಕೆ ಚಾರ್ಜ್ ಜಾಸ್ತಿ ಆಗುತ್ತೆ ಶೆಟ್ರೇ" ಅನ್ನುತ್ತಾರೆ. ಅಂದರೆ ಇಷ್ಟು ದಿನ ಯಾವ ಕೆಲಸಕ್ಕೆ ದುಡ್ಡು ತೆಗೆದುಕೊಂಡಿರಿ ಅಂತ ಕೇಳಿ.