ಪಶುಪತಿಯ ಮಾಡು, ಬಿದಿರೆಯ ಮಾಡು

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಕೆಲವು ವಿದ್ಯಾರ್ಥಿಗಳು ವಾರಾಂತ್ಯದ ರಜೆಯಲ್ಲಿ ವಿಮಾನವೇರಿ ನೇಪಾಳವನ್ನು ನೋಡಿಬಂದರು. ಕಠ್ಮಂಡುವಿನ ದೇಗುಲಗಳ ಅಂತಸ್ತು ಅಂತಸ್ತಾದ ಇಳಿಮಾಡನ್ನೂ ಮರದ ಕೆತ್ತನೆಯನ್ನೂ ಬಣ್ಣಿಸಿ, "ಇಂಥದು ನಮ್ಮಲ್ಲಿ ಎಲ್ಲುಂಟು, ಸರ್?" ಎಂದು ಒಬ್ಬನು ಕೇಳಿದನು. ಅವನೋ, ನಿತ್ಯವೂ ಸಾವಿರ ಕಂಬದ ಬಸದಿಯ ದಾರಿಯಲ್ಲೇ ಕಾಲೇಜಿಗೆ ಬರುವ ಹುಡುಗ!

1430ರಲ್ಲಿ ಕಟ್ಟಿಸಿದ ಆ ಬಸದಿಯ ಮಾಡು ನೇಪಾಳದ ಶೈಲಿಯನ್ನು ಹೋಲುತ್ತದೆಂಬುದನ್ನು ಫರ್ಗುಸನ್ ಎಂಬ ವಿದ್ವಾಂಸನು 19ನೆಯ ಶತಮಾನದಲ್ಲಿಯೇ ಗುರುತಿಸಿದ್ದನು. ಪಶುಪತಿನಾಥನ ಪೂಜೆಗೈಯುವ ಭಟ್ಟರೂ ಪರಂಪರೆಯಿಂದ ದಾಕ್ಷಿಣಾತ್ಯರು; ಕರ್ನಾಟಕದಿಂದಲೂ ಅಲ್ಲಿಗೆ ಹೋದವರುಂಟು. ಮಾಡಿನ ಸಾಮ್ಯಕ್ಕೆ ಈ ನಂಟೇ ಕಾರಣವೆನ್ನುವ ಆತುರ ಬೇಡ. ಸುರಿಯುವ ಮಳೆ, ದೊರೆಯುವ ಮರ, ಇವೂ ಶಿಲ್ಪಿಗೆ ಗುರುಗಳೇ. ಆದರೆ ಪ್ರಶ್ನೆಯಾದರೂ ಏಳಬೇಡವೆ?

ಪ್ರವಾಸವನ್ನು ನಾನು ಹಳಿಯುತ್ತಿಲ್ಲ; ಹೊರಗಣ ಹೊಸತನ್ನು ಕಂಡಾಗಲೇ ಮನೆಯ ಹಳತೂ ಕಣ್ಣಿಗೆ ಬೀಳುವುದು. ಹೋಲಿಸಲು ಮಾತ್ರ ಮನಸ್ಸಿನಲ್ಲಿ ಮೊದಲೊಂದು ಚಿತ್ರವಿರಬೇಕು. ಅದಿಲ್ಲದೆ ಅವರು ಹೋದುದು ಮಕ್ಕಳ ತಪ್ಪಲ್ಲ. ರತ್ನಾಕರವರ್ಣಿಯನ್ನು ಪರೀಕ್ಷೆಗೆಂದು ಪಾಠಮಾಡಿ, ಆ ಕವಿಯ ಊರಿನ ಬಸದಿಗೆ ಒಮ್ಮೆಯೂ ಕರೆದೊಯ್ಯದ ನನ್ನಂಥ ಅಧ್ಯಾಪಕರದು.

ಮುಂದಿನ ವರ್ಷ ಅವರು ಎಲ್ಲಿಗಾದರೂ ಹೋಗಲಿ. ಅದಕ್ಕೆ ಹಿಂದಿನ ಭಾನುವಾರ ಬಸದಿಯ ಅಂಗಳದಲ್ಲಿ ಒಂದು ಪಾಠವಾಗಲಿ.